ಆದಾಮನ ಪೈಕಿ

ಸಮುವೇಲಪ್ಪ ಮೇಷ್ಟ್ರು ಬೀರುವಿನಿಂದ ತಲೆಬುರುಡೆಯನ್ನು ತೆಗೆಯುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಶಿವಮೊಗ್ಗದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ, ಜಿರಳೆ, ಓತಿಕ್ಯಾತ ಎಲ್ಲಕ್ಕೂ ಚಪ್ಪಲಿ ಮೆಟ್ಟಿಕೊಂಡೇ ಪಾಠ. ಮನುಷ್ಯನ ಬುರುಡೆಗೆ ಮಾತ್ರ ಬರಿಗಾಲು. ಎರಡೂ ಕೈಯಲ್ಲಿ ಹಿಡಿದು, ಹಸುಗೂಸನ್ನು ಇಳಿಸುವ ಹಾಗೆ ಮೇಜಿನ ಮೇಲೆ ಇಳಿಸುತ್ತಿದ್ದರು.

ಮೊದಲ ದಿನ ನಾವೆಲ್ಲ ನಕ್ಕೆವು. ಜಮೀನುದಾರರ ಮನೆಯ ಮಲ್ಲೇಶ ಬಾಯಿ ಜೋರಿನವನು. "ಅದೇನು ದೇವರಾ ಸಾರ್?" ಅಂತ ಕೇಳಿಯೇಬಿಟ್ಟ.

"ದೇವರಲ್ಲ ಮಾರಾಯ, ಹಿರಿಯರು. ನಿಮ್ಮಜ್ಜನ ಮುಂದೆ ಚಪ್ಪಲಿ ಹಾಕ್ಕೊಂಡು ನಿಲ್ತೀಯಾ?"

"ಯಾರ ಪೈಕಿ ಹಿರಿಯರು ಸಾರ್?"

"ನಿನ್ನ ಪೈಕಿ, ನನ್ನ ಪೈಕಿ. ಆದಾಮನ ಪೈಕಿ."

ನಮ್ಮ ಕಡೆ ಹೊಸಬರನ್ನು ಕಂಡರೆ ಹೆಸರಿಗಿಂತ ಮುಂಚೆ ಕೇಳುವ ಮಾತು ಅದು: ಯಾರ ಪೈಕಿ? ಜಾತಿ ಯಾವುದು ಅಂತ ಬಾಯಿಬಿಟ್ಟು ಕೇಳಲಾಗದವರು ಬಳಸುವ ಮರ್ಯಾದೆಯ ದಾರಿ. ಆ ಪ್ರಶ್ನೆ ಬಂದರೆ ನನಗೆ ನಾಲಿಗೆ ಒಣಗುತ್ತಿತ್ತು. ನನ್ನಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗೆ ಅದಿರು ಹೊತ್ತು ಸುರಿಯುವ ಕೂಲಿ. ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಬರೆದುಕೊಂಡ ಮೊದಲನೆಯವನೂ ನಾನೇ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಬಂದದ್ದಲ್ಲ ಅದು.

ಮೇಷ್ಟ್ರ ಮನೆಯೂ ಭದ್ರಾವತಿಯಲ್ಲೇ. ಬೆಳಗಿನ ರೈಲಿನಲ್ಲಿ ಇಬ್ಬರೂ ಒಟ್ಟಿಗೆ ಶಿವಮೊಗ್ಗಕ್ಕೆ ಹೋಗುತ್ತಿದ್ದೆವು. ಅವರ ಕ್ಯಾನ್ವಾಸ್ ಚೀಲದಲ್ಲಿ ಸತ್ಯವೇದವೂ ಕಪ್ಪೆಗಳ ಸೀಸೆಯೂ ಪಕ್ಕಪಕ್ಕದಲ್ಲೇ ಇರುತ್ತಿದ್ದವು. ಎದುರಿಗೆ ಕೂತವರು ಚೀಲ ಅಲ್ಲಾಡಿದ್ದು ಕಂಡು ಬೆಚ್ಚಿದರೆ, "ಹೆದರಬೇಡಿ, ಪ್ರಾರ್ಥನೆ ಮಾಡ್ತಾ ಇದಾವೆ" ಅನ್ನುತ್ತಿದ್ದರು.

ತಿಂಗಳಿಗೊಂದು ಭಾನುವಾರ, ಕಾರ್ಖಾನೆ ಮಗ್ಗುಲಿನ ಸಣ್ಣ ಚರ್ಚಿನಲ್ಲಿ ಅವರದೇ ಪ್ರಸಂಗ. ತಮಿಳರು, ತೆಲುಗರು, ಕನ್ನಡದವರು, ಎಲ್ಲ ಕೂಲಿ ಜನವೇ ಸೇರುವ ಸಭೆ ಅದು. ಆ ಭಾನುವಾರ ಹತ್ತಿರ ಬಂದರೆ ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ, ಮದುವೆ ಗಂಡಿನ ಹಾಗೆ ಆಡುತ್ತಿದ್ದರು. ಒಮ್ಮೆ ರೈಲಿನಲ್ಲಿ ಹೇಳಿದರು: "ನಮ್ಮಪ್ಪ ಊರಲ್ಲಿ ಯಾರ ಮನೆ ಜಗಲೀನೂ ಹತ್ತಿದವರಲ್ಲ ಕಣೋ ರಂಗ. ಹತ್ತಕ್ಕೆ ಬಿಟ್ಟಿರಲಿಲ್ಲ. ನಾನು ಮೊದಲ ಸಲ ಪ್ರಸಂಗಪೀಠದ ಮೆಟ್ಟಿಲು ಹತ್ತಿದಾಗ ಹಿಂದಿನ ಬೆಂಚಲ್ಲಿ ಕೂತು ಹೋ ಅಂತ ಅತ್ತರು. ಆ ಪೀಠ ಒಂದು ನನಗೆ ಸಾಕು. ಇನ್ನೇನೂ ಬೇಡ."

ಅಂಥವರು ಸೋಮವಾರ ಲ್ಯಾಬಿಗೆ ಬಂದು ವಿಕಾಸವಾದ ಪಾಠ ಮಾಡುತ್ತಿದ್ದರು. ಮಾನವನು ಮಂಗನ ಮೊಮ್ಮಗ ಅಂತ ನಾನು ಉತ್ತರ ಬರೆದಿದ್ದಕ್ಕೆ ಕಿವಿ ಹಿಂಡಿದರು. "ಮಂಗ ನಮ್ಮಜ್ಜ ಅಂತ ಯಾರು ಹೇಳಿದ್ದು ನಿಂಗೆ? ಅಜ್ಜ ಅಲ್ಲ, ದಾಯಾದಿ! ಇಬ್ಬರಿಗೂ ಮೂಲಪುರುಷ ಒಬ್ಬ. ಪಾಲಾಗಿ ಬಹಳ ಕಾಲ ಆಯ್ತು. ಅವನಿನ್ನೂ ಒಪ್ಪಿಲ್ಲ, ಅದಕ್ಕೇ ನಿಮ್ಮ ಬಾಳೆತೋಟಕ್ಕೆ ಬಂದು ಪಾಲು ಕೇಳೋದು."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಲ್ಲೇಶ ಮಾತ್ರ ಎದ್ದು ನಿಂತ. "ಭಾನುವಾರ ದೇವರು ಮನುಷ್ಯನ್ನ ಮಣ್ಣಿಂದ ಮಾಡಿದ ಅಂತೀರಂತೆ, ಸೋಮವಾರ ದಾಯಾದಿ ಅಂತೀರಿ. ಯಾವುದು ನಿಜ ಸಾರ್?"

ಮೇಷ್ಟ್ರು ಸಿಟ್ಟಾಗಲಿಲ್ಲ. "ಶನಿವಾರ ಗಾಜನೂರಿಗೆ ಹೋಗಣ. ಎಲ್ಲರೂ ಒಂದೊಂದು ಸೀಸೆ ತನ್ನಿ" ಅಂದರು.

ಗಾಜನೂರಿನಲ್ಲಿ ತುಂಗೆಯ ದಡದ ಕೆಸರನ್ನು ಸೀಸೆಗಳಿಗೆ ತುಂಬಿಸಿದರು. ಮಧ್ಯಾಹ್ನದ ಬಿಸಿಲು, ಬಾಯಾರಿಕೆ. ಹತ್ತಿರದ ಮನೆಗೆ ನೀರು ಕೇಳಲು ಹೋದೆವು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಒಬ್ಬೊಬ್ಬರನ್ನೇ, "ಯಾರ ಪೈಕಿ ಮಗ?" ಅಂತ ವಿಚಾರಿಸುತ್ತ ಚೊಂಬು ಕೊಡುತ್ತಿದ್ದಳು. ಮಲ್ಲೇಶನ ಮನೆತನ ಅವಳಿಗೆ ಗೊತ್ತಿತ್ತು. ನನ್ನ ಸರದಿ ಬಂತು. ನಾನು ನೆಲ ನೋಡಿದೆ.

"ಅವನು ನನ್ನ ಪೈಕಿ ಅಮ್ಮಾ" ಅಂದರು ಮೇಷ್ಟ್ರು.

"ನೀವ್ಯಾರ ಪೈಕಿ?"

"ಆದಾಮನ ಪೈಕಿ."

ಅಜ್ಜಿ ಯೋಚಿಸಿದಳು. "ಆದಪ್ಪನೋರಾ? ಹೊಳೆಹೊನ್ನೂರಿನೋರಾ?"

"ಇಲ್ಲಮ್ಮಾ, ಇನ್ನೂ ಮೂಡಲಿಗೆ. ದೊಡ್ಡ ತೋಟ ಇತ್ತು. ಕಳಕೊಂಡರು."

"ಅಯ್ಯೋ ಶಿವನೇ! ದಾಯಾದಿಗಳು ಕಿತ್ಕೊಂಡ್ರಾ?"

"ಇಲ್ಲ, ಹಾವಿನ ಕಾಟ. ಹಣ್ಣಿನ ವಿಷಯಕ್ಕೆ ಯಜಮಾನನಿಗೂ ಅವರಿಗೂ ಮಾತು ಬಂತು. ಹೊರಗೆ ಹಾಕಿದ."

"ಗಂಡ ಹೆಂಡತಿ ಇಬ್ಬರನ್ನೂ?"

"ಇಬ್ಬರನ್ನೂ. ಉಡೋ ಬಟ್ಟೆಗೂ ಗತಿ ಇರಲಿಲ್ಲ."

"ಪಾಪ, ಬಾಳಿ ಬದುಕಿದೋರು" ಅಂತ ಲೊಚಗುಟ್ಟಿ ಅಜ್ಜಿ ಒಳಗೆ ಹೋದಳು. ನೀರಲ್ಲ, ಮಜ್ಜಿಗೆ ತಂದಳು. ನನ್ನ ಕೈಗೇ ಕೊಟ್ಟಳು. ಎತ್ತಿ ಹೊಯ್ಯಲಿಲ್ಲ. ಆ ಹಿತ್ತಾಳೆ ಚೊಂಬಿನ ತಂಪು ಇಂದಿಗೂ ಅಂಗೈಯಲ್ಲಿದೆ.

ದಾರಿಯಲ್ಲಿ, "ಸುಳ್ಳು ಹೇಳಿದ್ರಲ್ಲ ಸಾರ್" ಅಂದೆ.

"ಯಾವ ಮಾತು ಸುಳ್ಳು, ತೋರಿಸು" ಅಂದರು.

ಸೋಮವಾರ ಆ ಕೆಸರಿನ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಬ್ಬೊಬ್ಬರನ್ನೇ ಕರೆದರು. ನಾನು ಕಣ್ಣಿಟ್ಟೆ. ಮೊದಲು ಬರೀ ಬೆಳಕು. ಆಮೇಲೆ ಆ ಬೆಳಕಿನಲ್ಲಿ ಏನೋ ಮಿಸುಕಿತು. ಗಾಜಿನಂಥ ಮೈ, ಮೈ ತುಂಬ ದೋಣಿಗಿರುವಂಥ ಕೂದಲೆಳೆಯ ಹುಟ್ಟುಗಳು, ಅವನ್ನು ಬೀಸುತ್ತ ತೇಲುವ ಜೀವಗಳು. ಒಂದು ಸಂತೆಯೇ ಸೇರಿತ್ತು. ಅದರಲ್ಲೊಂದು ನಿಂತಲ್ಲೇ ನಡು ಸಣ್ಣದಾಗಿಸಿಕೊಂಡು ನಿಧಾನವಾಗಿ ಎರಡಾಯಿತು. ತಾಯಿ ಯಾವುದು, ಮಗು ಯಾವುದು, ಗೊತ್ತಾಗಲಿಲ್ಲ. ಎರಡೂ ಬೇರೆ ಬೇರೆ ದಿಕ್ಕಿಗೆ ಹೊರಟುಹೋದವು. ಕಣ್ಣು ತೆಗೆಯಲು ಮನಸ್ಸಾಗದೆ, ಹಿಂದೆ ನಿಂತವರಿಂದ ಬೈಸಿಕೊಂಡೆ.

"ಓದೂ ಇಲ್ಲ ಮಣ್ಣೂ ಇಲ್ಲ ಅಂತ ಬೈತೀವಲ್ಲ," ಮೇಷ್ಟ್ರ ದನಿ ತಗ್ಗಿತ್ತು, "ಮಣ್ಣು ಅಂದ್ರೆ ಏನೂ ಇಲ್ಲ ಅಂತ ಲೆಕ್ಕ ನಮಗೆ. ನೋಡಿದ್ರಲ್ಲ? ಇನ್ನು ಹಾಗೆ ಅನ್ನಬೇಡಿ. ಮಲ್ಲೇಶ, ನಮ್ಮ ಹಳೇ ಜನಕ್ಕೆ ಈ ಯಂತ್ರ ಇರಲಿಲ್ಲ. ಬರಿಗಣ್ಣಲ್ಲಿ ಮನುಷ್ಯನ್ನ ನೋಡಿದರು, ಮಣ್ಣು ನೋಡಿದರು, ಇವನು ಇದರಿಂದ ಬಂದವನು ಅಂದರು. ಮಕ್ಕಳಿಗೆ ಹೇಳೋ ಹಾಗೆ, ಆರು ದಿನದಲ್ಲಿ ಆಯ್ತು ಅಂದರು. ಆ ದಿನ ಎಷ್ಟು ಉದ್ದ ಅಂತ ನೋಡೋದು ನನ್ನ ಕೆಲಸ. ನೋಡಿದಷ್ಟೂ ಉದ್ದ ಆಗ್ತಾನೇ ಇದೆ ಮಾರಾಯ. ಒಂದೊಂದು ಸಲ ಭಯ ಆಗುತ್ತೆ. ಒಳ್ಳೇ ಭಯ."

ಮಲ್ಲೇಶ ಇನ್ನೊಮ್ಮೆ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.

ದಾಯಾದಿಯ ಮಾತು ಭದ್ರಾವತಿಗೆ ತಲುಪಲು ಬಹಳ ದಿನ ಬೇಕಾಗಲಿಲ್ಲ. ಸಭೆಯ ಹಿರಿಯರು ಜ್ಞಾನಮುತ್ತು, ಕಾರ್ಖಾನೆಯಲ್ಲಿ ಫೋರ್ಮನ್. ನಾನು ಮೇಷ್ಟ್ರ ಮನೆಯಲ್ಲಿದ್ದಾಗಲೇ ಬಂದರು. ಕೂರಲಿಲ್ಲ.

"ಮೇಷ್ಟ್ರೇ, ನಮ್ಮ ಸಭೆಗೆ ಬರೋರು ಯಾರು? ಕಂಡೋರ ಕೈಲಿ ಮೃಗದ ಹಾಗೆ ದುಡಿದ ಜನ. ಮನುಷ್ಯನ್ನ ದೇವರು ತನ್ನ ರೂಪದಲ್ಲೇ ಮಾಡಿದ ಅಂತ ಕೇಳಿ ತಲೆ ಎತ್ತಿದೋರು. ಅವರ ಹತ್ರ ಹೋಗಿ ಮೃಗದ ನೆಂಟರು ಅಂತೀರಾ? ಬರೋ ಭಾನುವಾರ ಪೀಠ ಹತ್ತಿ, ಆ ಸಂಬಂಧ ಇಲ್ಲ ಅಂತ ಒಂದೇ ಒಂದು ಮಾತು ಹೇಳಿಬಿಡಿ. ಆಗಲ್ಲ ಅಂದ್ರೆ ಆ ಪೀಠ ನಿಮಗಿಲ್ಲ."

ಅವರು ಹೋದ ಮೇಲೆ ಮೇಷ್ಟ್ರು, "ಮುತ್ತು ಮಾತಲ್ಲಿ ತೂಕ ಇದೆ ಕಣೋ" ಅಂದರು. ಆ ವಾರವೆಲ್ಲ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಯೇ ಕೂತರು. ಕಪ್ಪೆಗಳ ತಮಾಷೆಯೂ ಇಲ್ಲ.

ಭಾನುವಾರ ನಾನೂ ಹೋದೆ. ಜೊತೆಗೆ ಅಪ್ಪನೂ ಬಂದ. ಮಗನಿಗೆ ಪಾಠ ಹೇಳಿದ ಮೇಷ್ಟ್ರು ಮಾತಾಡುತ್ತಾರೆ ಅಂತ, ಒಗೆದ ಪಂಚೆ ಉಟ್ಟು. ಬಾಗಿಲ ಹತ್ತಿರ ನಿಂತೆವು.

ಮೇಷ್ಟ್ರು ಪೀಠದ ಮೆಟ್ಟಿಲಿನ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಿದರು.

"ಆದಾಮ ಅನ್ನೋ ಹೆಸರಿಗೂ ಸತ್ಯವೇದದ ಮೂಲ ಭಾಷೆಯಲ್ಲಿ ನೆಲ ಅನ್ನೋ ಮಾತಿಗೂ ಒಂದೇ ಬೇರು. ಕೆಂಪು ಅನ್ನೋ ಮಾತೂ ಅದರ ಒಡಹುಟ್ಟೇ. ನಮ್ಮ ಬಾಯಲ್ಲಿ ಹೇಳೋದಾದ್ರೆ ಅವನ ಹೆಸರು ಕೆಮ್ಮಣ್ಣಪ್ಪ."

ಸಭೆ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು.

"ಕೆಮ್ಮಣ್ಣುಗುಂಡಿಯಿಂದ ಬರೋ ಅದಿರನ್ನ ನೀವು ದಿನಾ ಹೊರ್ತೀರಿ. ಬೆರಳು ಕುಯ್ದುಕೊಂಡಾಗ ನಾಲಿಗೆಗಿಟ್ಟು ನೋಡಿದೀರಾ? ಕಬ್ಬಿಣದ ರುಚಿ. ಸುಮ್ಮನೆ ಅಲ್ಲ. ನಿಮ್ಮ ರಕ್ತ ಕೆಂಪಾಗಿರೋದು ಅದರೊಳಗಿನ ಕಬ್ಬಿಣದಿಂದ. ಆ ಬೆಟ್ಟದಲ್ಲಿರೋದೇ ಈ ಮೈಯಲ್ಲೂ ಇದೆ. ದೇವರು ಮಣ್ಣಿಂದ ಮಾಡಿದ ಅನ್ನೋದಕ್ಕೆ ನಿಮಗಿಂತ ಸಾಕ್ಷಿ ಬೇಕಾ?"

ಅಪ್ಪ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಇಷ್ಟು ವರ್ಷ ಉಜ್ಜಿದರೂ ಹೋಗದ ಅದಿರಿನ ಕೆಂಪು ಆ ಗೆರೆಗಳಲ್ಲಿತ್ತು. ಆ ಕೆಂಪನ್ನು ಅವನು ಯಾವಾಗಲೂ ಮುಚ್ಚಿಕೊಳ್ಳುತ್ತಿದ್ದ. ಅವತ್ತು ಕೈಯನ್ನು ಬಿಚ್ಚಿ ಎದೆಯ ಮೇಲಿಟ್ಟುಕೊಂಡ.

"ಅದೇ ಕಬ್ಬಿಣ ದನದ ರಕ್ತದಲ್ಲಿದೆ. ಮಂಗನದ್ದರಲ್ಲೂ ಇದೆ. ಹಾಗಂತ ನಾವು ಸಣ್ಣವರಾಗ್ತೀವಾ? ನಾಕು ಕಾಸು ಬಂದ ಮೇಲೆ ಬಡ ನೆಂಟನ್ನ ಕಂಡು ಗುರುತೇ ಇಲ್ಲ ಅನ್ನೋನಿಗೆ ನೀವೇನಂತೀರಿ? ನಮ್ಮನ್ನ ಹಾಗೆ ಅಂದವರು ಎಷ್ಟು ಜನ! ನಾವೂ ಅದನ್ನೇ ಮಾಡೋದಾ? ದೇವರ ರೂಪ ಅನ್ನೋದು ಮೂಗು ಮುಖ ಅಲ್ಲ. ನೆಂಟರನ್ನ ಗುರುತಿಸೋದು." ಆಮೇಲೆ ಪೀಠದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸಂಬಂಧ ಇಲ್ಲ ಅಂತ ಹೇಳು ಅಂದಿದಾರೆ. ನಾನು ಕಣ್ಣಾರೆ ಕಂಡಿದೀನಿ. ಕಂಡಿದ್ದನ್ನ ಇಲ್ಲ ಅಂದ್ರೆ ಅದು ಸುಳ್ಳು ಸಾಕ್ಷಿ. ಈ ಪೀಠದ ಮೇಲೆ ನಿಂತು ಅದೊಂದು ನನ್ನಿಂದಾಗಲ್ಲ."

ಇಳಿದರು. ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಸಭೆಯ ನಡುವೆ ನಡೆದುಬಂದು, ಅವರಪ್ಪ ಕೂತು ಅತ್ತಿದ್ದ ಹಿಂದಿನ ಬೆಂಚಿನಲ್ಲಿ ಕೂತರು. ಜ್ಞಾನಮುತ್ತು ತಲೆ ಬಗ್ಗಿಸಿಯೇ ಇದ್ದರು. ಆದರೆ ಆಡಿದ ಮಾತು ಹಿಂದೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳಿನಿಂದ ಪೀಠಕ್ಕೆ ಬೇರೆಯವರು. ಮೇಷ್ಟ್ರು ಒಂದು ಭಾನುವಾರವೂ ತಪ್ಪಿಸದೆ ಆ ಬೆಂಚಿನಲ್ಲಿ ಕೂರುತ್ತಿದ್ದರು ಅಂತ ಕೇಳಿದ್ದೆ. ಸಭೆಯ ಮೇಲೆ ಒಂದು ಕಹಿ ಮಾತನ್ನೂ ನಾನು ಅವರಿಂದ ಕೇಳಲಿಲ್ಲ.

ನಾನು ಡಿಗ್ರಿ ಮುಗಿಸಿ, ಬೇರೆ ಊರಿನಲ್ಲಿ ಮೇಷ್ಟ್ರಾಗಿ ಸೇರಿದ ಕೆಲವು ವರ್ಷಕ್ಕೆ ಸಮುವೇಲಪ್ಪ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ ಬಂದೆ. ಪೆಟ್ಟಿಗೆಯನ್ನು ಆಗಲೇ ಕುಣಿಗೆ ಇಳಿಸಿದ್ದರು. ಮನೆಯವರು ಸಾಲಾಗಿ ಬಂದು ಹಿಡಿಮಣ್ಣು ಹಾಕುತ್ತಿದ್ದರು. ಸಾಲನ್ನು ನೋಡಿಕೊಳ್ಳುತ್ತಿದ್ದವರು ಜ್ಞಾನಮುತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ.

"ಮೊದಲು ಮನೆಯವರು ಹಾಕಲಿ. ತಾವು ಯಾರ ಪೈಕಿ?"

ಅಷ್ಟು ವರ್ಷದ ಮೇಲೂ ನಾಲಿಗೆ ಒಣಗಿತು. ಆದರೆ ಈ ಸಲ ನೆಲ ನೋಡಲಿಲ್ಲ. ಚಪ್ಪಲಿ ಬಿಟ್ಟೆ.

"ಮೇಷ್ಟ್ರ ಪೈಕಿ" ಅಂದೆ.

ಅವರು ನನ್ನ ಬರಿಗಾಲು ನೋಡಿದರು. ಮುಖ ನೋಡಿದರು. ತೋಳು ಹಿಡಿದು ಮನೆಯವರ ಸಾಲಿನಲ್ಲಿ ನಿಲ್ಲಿಸಿದರು. ನನ್ನ ಸರದಿ ಬಂದಾಗ ತಾವೇ ಬಗ್ಗಿ ಗುಡ್ಡೆಯಿಂದ ಒಂದು ಹಿಡಿ ಎತ್ತಿದರು. ಎತ್ತಿದವರು ಕೊಡಲಿಲ್ಲ. ಕುಲುಮೆಯ ಮುಂದೆ ಆಯುಷ್ಯ ಕಳೆದ ಆ ಕೈ, ಹೆಬ್ಬೆರಳಿನಿಂದ ಮಣ್ಣನ್ನು ಮೆಲ್ಲಗೆ ಉಜ್ಜಿ ಉಜ್ಜಿ ನೋಡುತ್ತಿತ್ತು.

"ಕೆಮ್ಮಣ್ಣಪ್ಪ" ಅಂದರು, ತಮ್ಮಷ್ಟಕ್ಕೆ. ಅರ್ಧವನ್ನು ನನ್ನ ಅಂಗೈಗೆ ಸುರಿದರು. ಉಳಿದರ್ಧ ತಾವಿಟ್ಟುಕೊಂಡರು. ಇಬ್ಬರೂ ಒಟ್ಟಿಗೆ ಹಾಕಿದೆವು.