ಜುಮುಕಿ ಇಲ್ಲದ ಕುರಿಗಳು

ನಿನ್ನೆ ಗುತ್ತಲಿನ ರಸ್ತೆಯಲ್ಲಿ ಕುರಿಹಿಂಡೊಂದು ನನ್ನ ಸ್ಕೂಟರಿಗೆ ಅಡ್ಡ ಬಂತು. ಮುಂದಿದ್ದ ಕುರಿಯ ಕೊರಳಲ್ಲಿ ಹುಟ್ಟಿನಿಂದಲೇ ಬಂದ ಎರಡು ಮಾಂಸದ ತುಣುಕುಗಳು ಜೋತಾಡುತ್ತಿದ್ದವು. ಹಾರ್ನ್ ಒತ್ತಬೇಕಾದವಳು ನಗುತ್ತಾ ನಿಂತುಬಿಟ್ಟೆ. ಮಹದೇವಿ ನೆನಪಾದಳು.

ಬಂಡೂರಿನ ಮಹದೇವಿ ಮಂಡ್ಯದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ನಾನೋ ಸಂಖ್ಯಾಶಾಸ್ತ್ರ ಕಲಿಸುವವಳು, ಕೈ-ಸ್ಕ್ವೇರ್ ಪರೀಕ್ಷೆಯನ್ನು ವರ್ಷಗಟ್ಟಲೆ ಪುಸ್ತಕದ ದಾಳಗಳಲ್ಲೇ ಉರುಳಿಸಿದವಳು. ನಿಮಗೆ ನಿದ್ದೆ ಬರುವ ಮೊದಲೇ ಹೇಳಿಬಿಡುತ್ತೇನೆ: ಎರಡು ಗುಣಗಳಿಗೆ ನಂಟೇ ಇಲ್ಲದಿದ್ದರೆ ಎಣಿಕೆ ಹೇಗಿರಬೇಕಿತ್ತು, ನಿಜಕ್ಕೂ ಹೇಗಿದೆ ಎಂದು ಪಕ್ಕಪಕ್ಕ ಇಟ್ಟು ನೋಡುವುದು. ಅಂತರ ದೊಡ್ಡದಾದರೆ ನಂಟಿರಬಹುದು, ಸಣ್ಣದಾದರೆ ಬಾಯಿ ಮುಚ್ಚಿಕೊಂಡಿರಬೇಕು.

ಕೊರಳಲ್ಲಿ ಆ ತುಣುಕಿರುವ ಕುರಿ ಅವಳಿ ಮರಿ ಈಯುತ್ತದೆ ಎನ್ನುವುದು ಅವಳಪ್ಪ ಸಿದ್ದಣ್ಣನ ಮಾತು. ಊರವರು ಕುರಿ ಕೊಳ್ಳುತ್ತಿದ್ದುದೇ ಆ ಮಾತಿನ ಮೇಲೆ. ಮಹದೇವಿ ತುಣುಕಿಗೆ ಜುಮುಕಿ ಎಂದು ಹೆಸರಿಟ್ಟು, ಅಪ್ಪನ ಮಾತನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಳು.

ಅವಳು ಎಣಿಸಲು ಕೂತ ದಿನ ಊರವರು ತಾವಾಗಿಯೇ ಕುರಿಗಳನ್ನು ಹಿಡಿದು ತಂದರು. ಜುಮುಕಿ ಇದ್ದದ್ದೆಲ್ಲ ಅವಳಿ ಈದದ್ದೇ! ಇಂಥ ಫಲಿತಾಂಶ ಯಾವ ಪುಸ್ತಕದಲ್ಲೂ ಇಲ್ಲವೆಂದು ನಾನು ಹಿಗ್ಗಿದೆ. ಅವಳು ಹಿಗ್ಗಲಿಲ್ಲ.

"ಜುಮ್ಕಿ ಇಲ್ದವು ಎಲ್ಲೋದ್ವು ಮೇಡಂ? ಅಪ್ಪನ್ ಮಾತು ಬೀಳ್ಬಾರ್ದು ಅಂತ ಬೇಕಾದವ್ನೇ ಇಡ್ಕಬಂದವ್ರೆ."

ಮರ್ಯಾದೆಗಾಗಿ ಊರೇ ಸೇರಿ ಮಾಡಿದ ತಪ್ಪು ಅದು. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಸಂಜೆ ಹಿಂಡು ಮರಳುವಾಗ ದೊಡ್ಡಿಯ ಬಾಗಿಲಲ್ಲೇ ನಿಂತು, ಒಂದನ್ನೂ ಬಿಡದೆ ನೋಡಿ, ಎಷ್ಟು ಮರಿಯೆಂದು ಮನೆಯ ಹೆಂಗಸರನ್ನೇ ಕೇಳಿದಳು. ಅಂತರ ಸಣ್ಣದಾಯಿತು. ಜುಮುಕಿಗೂ ಅವಳಿ ಮರಿಗೂ ನಂಟು ಕಾಣಲಿಲ್ಲ.

ಅಪ್ಪನಿಗೆ ಹೇಳುವುದು ಹೇಗೆ? ಹೆದರಿ ನನ್ನನ್ನೂ ಕರೆದುಕೊಂಡು ಹೋದಳು. ಜಗಲಿಯ ತುಂಬ ಜನ. ಅವರೆದುರೇ ಎಲ್ಲವನ್ನೂ ಹೇಳಿದಳು. ಸಿದ್ದಣ್ಣ ಹೆಗಲ ಟವೆಲ್ಲನ್ನು ತೆಗೆದು ಪಕ್ಕಕ್ಕಿಟ್ಟ.

"ನಾನ್ ಯೋಳಿದ್ದು ಸುಳ್ಳೇನಮ್ಮ?"

"ಸುಳ್ಳು ಅಂತಲ್ಲಪ್ಪ. ನಿಜ ಅನ್ನಕ್ಕೆ ಆಧಾರ ಸಿಗ್ನಿಲ್ಲ."

ಆತ ಜಗಲಿಯ ಕಡೆ ತಿರುಗಿದ. "ಕೇಳಿಸ್ಕಂಡ್ರಾ? ಅಪ್ಪನ್ ಮೊಕಾನೂ ನೋಡ್ದೆ ಇದ್ದದ್ನ ಇದ್ದಂಗೆ ಯೋಳ್ತಾಳೆ ನನ್ ಮಗ್ಳು! ಇನ್ಮ್ಯಾಕೆ ಕುರಿ ಕೊಳ್ಳೋರು ಇವ್ಳುನ್ನೇ ಕೇಳಿ."

ನನ್ನ ಕಣ್ಣು ತುಂಬಿಬಂತು. ಮಹದೇವಿ ಈಗ ಮದ್ದೂರಿನಲ್ಲಿ ಉಪನ್ಯಾಸಕಿ. ಅವಳ ತರಗತಿಯಲ್ಲಿ ದಾಳ ಉರುಳುವುದಿಲ್ಲವಂತೆ.

ನಿನ್ನೆ ನಾನು ನಿಂತದ್ದು ಕಂಡು ಕುರಿಯವನು ಹುರುಪಿನಿಂದ ಹೇಳಿದ: "ಕೊಳ್ಳಲ್ಲಿ ಜೋತಾಡ್ತದಲ್ಲ, ಅದು ಅವಳಿ ಮರಿನೇ ಆಕದು ಮೇಡಮ್ಮೋರೆ."

ಸ್ಕೂಟರಿನಿಂದ ಇಳಿದೆ. "ಅದಿಲ್ಲದವು?"

ಆತ ತಲೆ ಕೆರೆದುಕೊಂಡು ಹಿಂಡಿನತ್ತ ತಿರುಗಿ ನೋಡಿದ. "ಇಂಗ್ ಕೇಳದ ಯಾರ್ ಕಲಿಸ್ಕೊಟ್ರು ನಿಮ್ಗೆ?"

"ನನ್ನ ವಿದ್ಯಾರ್ಥಿನಿ," ಎಂದೆ, ಎದೆಯುಬ್ಬಿಸಿಕೊಂಡು.