ಅಜ್ಜಿ ಬಸ್ಸು ಹತ್ತಿದ ಬೇಸಿಗೆ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗದ ಹೊಸಮನೆಯ ನಮ್ಮ ಬೀದಿಯ ತುಂಬ ಸೀಮೆಸುಣ್ಣದ ಗೆರೆಗಳು. ಬಿಸಿಲಿಗೂ ಕ್ಯಾರೇ ಅನ್ನದೆ ಕುಂಟೆಬಿಲ್ಲೆ ಆಡುತ್ತಿದ್ದೆವು. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ನನ್ನ ಆಟವೆಲ್ಲ ಅಡುಗೆಮನೆಯಲ್ಲಿ, ಅಜ್ಜಿಯ ಜೊತೆ.

ಯುಗಾದಿಯ ಬೆಳಿಗ್ಗೆ ರಂಗೋಲಿ ಹಾಕಿ ಮೇಲೇಳುವಾಗ ಅಜ್ಜಿ ವಾಲಿ ಬಿದ್ದಿದ್ದಳು. ಮೂಳೆ ಗಟ್ಟಿಯಾಗೇ ಇತ್ತು, ಧೈರ್ಯ ಹೋಗಿತ್ತು. ಗೋಡೆ ಹಿಡಿಯದೆ ನಡೆಯುತ್ತಿರಲಿಲ್ಲ. ಒಳಲಂಗ ಹಾಕಿಕೊಳ್ಳಲೂ ಮಂಚದ ಮೇಲೆ ಕೂರಬೇಕಾಯಿತು. ಸ್ನಾನಕ್ಕೆ ಹೋದರೆ ಅಮ್ಮ ಬಾಗಿಲ ಹೊರಗೆ ನಿಲ್ಲಬೇಕು. ಆಗಾಗ ಒಬ್ಬಳೇ ಭದ್ರಾವತಿಗೆ ತಂಗಿಯ ಮನೆಗೆ ಹೋಗಿಬರುತ್ತಿದ್ದವಳು ಅದನ್ನೂ ಬಿಟ್ಟಳು.

"ಬಸ್ಸಿನ ಮೆಟ್ಟಿಲು ಎತ್ತರ ಕಣೇ" ಅಂದಳು, ಅಷ್ಟೇ.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ಅಡುಗೆ ಕಟ್ಟೆ ಹಿಡಿದು ದಿನಾ ಒಂದೊಂದೇ ಕಾಲಲ್ಲಿ ನಿಂತ್ಕೊಳ್ಳಿ ಅಮ್ಮ. ಪಕ್ಕದಲ್ಲಿ ಯಾರಾದ್ರೂ ಇರ್ಲಿ" ಅಂದರು. ಆ ಯಾರಾದರೂ ನಾನಾದೆ.

ಮೊದಲ ದಿನ ಅಜ್ಜಿಯ ಪಾದ ಗಡಗಡ ನಡುಗಿತು. "ನನ್ನ ಕೈಲಿ ಆಗಲ್ಲ ಮಾರಾಯ್ತಿ."

"ಕೆಳಗೆ ನೋಡ್ಬೇಡ ಅಜ್ಜಿ. ಎದುರಿಗೆ ಉಪ್ಪಿನಕಾಯಿ ಜಾಡಿ ನೋಡು. ಕುಂಟೆಬಿಲ್ಲೇಲಿ ನಾವು ಹಾಗೇ ಮಾಡೋದು."

ಅಜ್ಜಿ ಜಾಡಿ ನೋಡಿದಳು. ನಡುಕ ನಿಲ್ಲಲಿಲ್ಲ, ಆದರೆ ಕಾಲು ಕೆಳಗಿಡಲಿಲ್ಲ. "ನಾವೂ ಆಡ್ತಿದ್ವು, ಹೆಂಚಿನ ಚೂರಲ್ಲಿ. ನಿನ್ನ ಚಿಕ್ಕಜ್ಜಿ ಗೆರೆ ತುಳಿದೂ ತುಳಿದಿಲ್ಲ ಅಂತ ಜಗಳಕ್ಕೆ ಬರ್ತಿದ್ಲು" ಅಂದು ನಕ್ಕಳು.

ಒಗ್ಗರಣೆಯ ಇಂಗು, ಅವಳ ಮಂಡಿಗೆ ಹಚ್ಚಿದ ನೋವಿನೆಣ್ಣೆ, ಎರಡೂ ಬೆರೆತ ವಾಸನೆಯಲ್ಲೇ ಆ ರಜೆ ಕಳೆಯಿತು. ಎರಡು ಕೈಯಲ್ಲಿ ಕಟ್ಟೆ ಹಿಡಿಯುತ್ತಿದ್ದವಳು ಒಂದೇ ಕೈಗೆ ಬಂದಳು, ಬರಬರುತ್ತ ಬರೀ ಬೆರಳ ತುದಿ ಸಾಕಾಯಿತು.

ಶಾಲೆ ತೆರೆಯುವ ಮುಂಚೆ ಒಂದು ದಿನ ಅವಳೇ, "ಭದ್ರಾವತಿಗೆ ಹೋಗೋಣ, ಬರ್ತೀಯಾ?" ಅಂದಳು. ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಬಿಟ್ಟಳು, ಇನ್ನೊಂದನ್ನೂ ಬಿಟ್ಟಳು. ಮುಂದಿನದು ಬಂದಾಗ ಕಂಡಕ್ಟರ್ ಕೈ ಚಾಚಿದ.

"ಬೇಡಪ್ಪ, ಸ್ವಲ್ಪ ತಾಳು."

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಕಾಲೆತ್ತಿದಳು. ಅವಳ ಭಾರವೆಲ್ಲ ನನ್ನ ಮೇಲೆ ಬಂತು, ಮರುಕ್ಷಣ ಇಳಿಯಿತು. ಅಜ್ಜಿ ಬಸ್ಸಿನೊಳಗಿದ್ದಳು. ಮಾಚೇನಹಳ್ಳಿ ದಾಟುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಚಿಕ್ಕಜ್ಜಿ ಗೇಟಿಗೇ ಓಡಿಬಂದಳು. "ಯಾರು ಹತ್ತಿಸಿದ್ರೇ ಅಕ್ಕ ನಿನ್ನ?"

"ನಾನೇ ಹತ್ತಿದೆ" ಅಂದಳು ಅಜ್ಜಿ.

ಈಗ ಅವರಿಬ್ಬರೂ ಇಲ್ಲ. ಅಮ್ಮನ ನಡಿಗೆಯೂ ಈಚೆಗೆ ತಡವರಿಸುತ್ತಿದೆ. ಏನು ಮಾಡಿಸಬೇಕೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಒಬ್ಬರ ಪಕ್ಕದಲ್ಲಿ ಸುಮ್ಮನೆ ನಿಂತುಕೊಳ್ಳುವುದಕ್ಕೆ ಆಗ ನನ್ನ ಹತ್ತಿರ ಇಡೀ ಬೇಸಿಗೆಯಿತ್ತು. ಈಗ ಇರುವುದು ಭಾನುವಾರ ಮಾತ್ರ.