ಎರಡು ಬ್ಲೋವರ್, ಒಂದು ಬಾವಿ

ಚೆನ್ನೈಯ ಪಲ್ಲಾವರಂ ದಾಟಿದ ಮೇಲೆ ಸಿಗುವ ನಮ್ಮ ಕಾಲೋನಿಯ ಹಿಂಗೋಡೆಗೆ ನಗರ ಮುಗಿಯುತ್ತದೆ. ಗೋಡೆಯಾಚೆಯ ಕಾಲೋನಿ ಪಂಚಾಯಿತಿಗೆ ಸೇರಿದ್ದು. ಎರಡರ ಕೊಳಚೆ ನೀರನ್ನೂ ಶುದ್ಧ ಮಾಡುವ ಘಟಕ ಮಾತ್ರ ಒಂದೇ. ಅದು ಬಿಡುವ ನೀರು ಹರಿಯುವ ಕಾಲುವೆಯ ಪಕ್ಕದಲ್ಲಿ ಇಡ್ಲಿ ಮಾರುವ ಹೆಂಗಸೊಬ್ಬರ ಮನೆ, ಮನೆಯ ಹಿಂದೆ ಅವರ ಬಾವಿ.

ಘಟಕ ಹಳತಾಗಿತ್ತು, ಮನೆಗಳು ಹೆಚ್ಚಿದ್ದವು. ಮೇಲ್ದರ್ಜೆಗೇರಿಸಲು ಎರಡೂ ಕಾಲೋನಿಗಳ ನಿವಾಸಿ ಸಂಘಗಳು ಒಪ್ಪಿದವು. ಆದರೆ ಒಟ್ಟಿಗೆ ಕೂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹಿಂದೆಂದೋ ಪಾರ್ಕಿಂಗ್ ವಿಷಯಕ್ಕೆ ಜಗಳವಾದಾಗಿನಿಂದ ಪತ್ರಗಳು ವಾಚ್‌ಮನ್ ಕೈಯಲ್ಲಿ ಹೋಗಿಬರುತ್ತವೆ. ಪತ್ರಿಕೆಯಲ್ಲಿ ದುಡಿದವನು, ಚುಟುಕಾಗಿ ಬರೆಯುತ್ತಾನೆ ಎಂದು ನಮ್ಮ ಸಭೆಯ ನಡಾವಳಿ ಬರೆಯುವ ಕೆಲಸ ನನಗೆ ಬಂದಿತ್ತು. ‘ನಾವು ಬ್ಲೋವರ್ ಕೊಳ್ಳುವುದು, ಉಳಿದದ್ದನ್ನು ನೆರೆಯವರು ನೋಡಿಕೊಳ್ಳುವುದು’ ಎಂದು ಬರೆದೆ. ನೆರೆಯವರ ನಡಾವಳಿ ಪುಸ್ತಕದಲ್ಲೂ ಇದೇ ವಾಕ್ಯವಿತ್ತೆಂದು ಆಮೇಲೆ ತಿಳಿಯಿತು.

ಗುತ್ತಿಗೆದಾರ ಹೊಸ ತೊಟ್ಟಿಯೊಂದಕ್ಕೆ ಮಣ್ಣು ಅಗೆಸಿ, ಹಳೆಯ ಯಂತ್ರ, ಪೈಪು ಎಲ್ಲವನ್ನೂ ಕಿತ್ತು ಗುಜರಿಗೆ ಹಾಕಿದ. ಮರುದಿನ ಎರಡು ಲಾರಿ ಬಂದವು. ಎರಡರಲ್ಲೂ ಬ್ಲೋವರ್. ಗಾಳಿ ಊದುವ ಯಂತ್ರ ಎರಡು. ಆ ಗಾಳಿಯನ್ನು ತೊಟ್ಟಿಯ ತಳಕ್ಕೆ ಒಯ್ಯುವ ಪೈಪು ಒಂದೂ ಇಲ್ಲ. ಗಾಳಿಯಾಡದೆ ಕೊಳಚೆ ಶುದ್ಧವಾಗುವುದಿಲ್ಲ. ಯಾರ ಬ್ಲೋವರ್ ವಾಪಸು ಹೋಗಬೇಕೆಂದು ಪತ್ರಗಳು ಓಡಾಡಿದವು. ಕೊಳಚೆ ಇದ್ದ ಹಾಗೇ ಕಾಲುವೆಗೆ ಹೋಯಿತು. ಫ್ಲಶ್ ಮಾಡುವುದನ್ನು ಯಾರೂ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಮೂರನೆಯ ಭಾನುವಾರ ಆ ಹೆಂಗಸು ನಮ್ಮ ಸಭೆಗೆ ಬಂದು ಮೇಜಿನ ಮೇಲೆ ಒಂದು ಬಕೆಟ್ ಇಟ್ಟರು. ಬಾವಿಯ ನೀರು. ಕಪ್ಪಗಿತ್ತು, ನಾರುತ್ತಿತ್ತು.

“ಇದರಲ್ಲೇ ಹಿಟ್ಟು ರುಬ್ಬಲಾ ಸಾರ್? ಮೊದಲ ಪ್ಲೇಟ್ ನಿಮ್ಮನೆಗೇ ಕಳಿಸ್ತೀನಿ,” ಎಂದರು ತಮಿಳಿನಲ್ಲಿ.

ನಮ್ಮ ಕಾರ್ಯದರ್ಶಿ ಹುಬ್ಬಳ್ಳಿಯವರು, ರೈಲ್ವೆಯಿಂದ ನಿವೃತ್ತರಾದವರು. ನೀರಿನ ಟ್ಯಾಂಕರ್ ಕಳಿಸುತ್ತೇವೆಂದು ಆ ಹೆಂಗಸಿಗೆ ತಮಿಳಿನಲ್ಲಿ ಹೇಳಿ, ನನ್ನ ಕಡೆ ತಿರುಗಿದರು. “ಬರ್ಕೊಳ್ರಿ. ಹೊರಗಿನವರಿಂದ ಒಂದು ದೂರು ಬಂತು.”

“ಹೊರಗಿನವರು ಹೇಗಾಗ್ತಾರೆ ಸಾರ್? ನಮ್ಮ ಕಕ್ಕಸು ಅವರ ಬಾವಿಯೊಳಗಿದೆ,” ಎಂದೆ.

“ಅಲ್ರೀ, ಉಳಿದದ್ದು ನೆರೆಯವ್ರು ನೋಡ್ಕೋತಾರ ಅಂತ ಬರದವ್ರು ನೀವ ಅಲ್ಲೇನು? ಈಗ ನಮ್ ಮ್ಯಾಲ ಯಾಕ ಸಿಟ್ಟು?”

ಹೇಳಿದ್ದು ನಿಜ. ಅದರಿಂದ ಸಿಟ್ಟು ಇಳಿಯಲಿಲ್ಲ, ಏರಿತು. ‘ಉಳಿದದ್ದು’ ಅಂದರೆ ಏನೆಂದು ಒಂದು ಪ್ರಶ್ನೆ ಕೇಳದೆ ಯಾವ ವರದಿಯನ್ನೂ ನಾನು ಅಚ್ಚಿಗೆ ಬಿಟ್ಟವನಲ್ಲ. ಆ ನಡಾವಳಿ ಬರೆದಾಗ ಕೇಳಲಿಲ್ಲ, ಚಹಾ ಬಂದಿತ್ತು, ಎಲ್ಲರಿಗೂ ಮನೆಗೆ ಹೋಗುವ ಆತುರವಿತ್ತು. ಬಕೆಟ್ ಬಂದ ದಿನ ‘ಹೊರಗಿನವರು’ ಎಂದು ಬರೆಯಲಿಲ್ಲ. ಬರೆಯದೆ ಇದ್ದುದರಿಂದ ಬಾವಿಗೇನೂ ಆಗಲಿಲ್ಲ.

ಪೈಪು ಬರಲು ಮತ್ತೆ ಐದು ವಾರ ಹಿಡಿಯಿತು. ಈಗ ಘಟಕ ಚೆನ್ನಾಗಿ ನಡೆಯುತ್ತಿದೆ. ಕಾಲುವೆಯ ನೀರು ತಿಳಿಯಾದ ಮೇಲೆ, ಬಾವಿಯನ್ನು ಸಂಘದಿಂದ ತೊಳೆಸಿ ನೀರು ಪರೀಕ್ಷೆ ಮಾಡಿಸೋಣ ಎಂದು ಹೇಳಲು ಅವರ ಮನೆಗೆ ಹೋದೆ. ಬಾವಿ ಇರಲಿಲ್ಲ. ಕಟ್ಟೆಯ ಮಟ್ಟಕ್ಕೆ ಕೆಮ್ಮಣ್ಣು ತುಂಬಿತ್ತು.

“ನಾತಕ್ಕೆ ಗಿರಾಕಿಗಳು ಬರೋದು ಬಿಟ್ರು ಸಾರ್. ನಾನೇ ಮುಚ್ಚಿಸಿದೆ,” ಎಂದರು. “ನಿಮ್ಮ ಹೊಸ ತೊಟ್ಟಿಗೆ ಅಗೆದ ಮಣ್ಣು. ಕಾಂಟ್ರಾಕ್ಟರ್ ಸುಮ್ಮನೆ ಕೊಟ್ರು.”

ಬೀದಿಯಲ್ಲಿ ಟ್ಯಾಂಕರ್ ಹಾರ್ನ್ ಕೇಳಿತು.

“ಸ್ವಲ್ಪ ಆ ಕಡೆ ನಿಲ್ಲಿ ಸಾರ್, ಕೊಡ ಇಡಬೇಕು.”